ಲ್ಯಾಪರೋಸ್ಕೋಪಿಯ ನಂತರ ಒಳಾಂಗಗಳು ಅಂಟಿಕೊಳ್ಳದಂತೆ ತಡೆಯುವುದು ಹೇಗೆ?

ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ತೂರಿಸಿ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ, ಹೊಟ್ಟೆಯ ಮೇಲಿನ ಗಾಯ ಚಿಕ್ಕದಾಗಿದ್ದ ಮಾತ್ರಕ್ಕೆ ಒಳಗಿನ ಗಾಯವೂ ಚಿಕ್ಕದೆಂದು ಭಾವಿಸುವಂತಿಲ್ಲ. ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ) ತೆಗೆಯುವಾಗ, ಎಂಡೊಮೆಟ್ರಿಯೋಸಿಸ್‌ಗೆ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ತೊಂದರೆ) ಶಸ್ತ್ರಚಿಕಿತ್ಸೆ ಮಾಡುವಾಗ ಒಳಾಂಗಗಳನ್ನು ಹೊದ್ದಿರುವ ಪೆರಿಟೋನಿಯಂ ಎಂಬ ತೆಳುಪೊರೆಗೆ ಪೆಟ್ಟಾಗುತ್ತದೆ. ಕೆಲವೇ ಗಂಟೆಗಳಲ್ಲಿ ಅಲ್ಲಿ ಫೈಬ್ರಿನ್ ಎಂಬ ಪ್ರೋಟೀನು ಕೂಡಿಕೊಳ್ಳುತ್ತದೆ. ದೇಹ ಅದನ್ನು ಕರಗಿಸಿಕೊಂಡರೆ ಪೊರೆಯ ಗಾಯವು ಸುಮಾರು 5ರಿಂದ 7 ದಿನಗಳಲ್ಲಿ ಮಾಯುತ್ತದೆ. ಕರಗದೆ ಉಳಿದರೆ ಅದರೊಳಗೆ ನಾರಿನಂಥ ಅಂಗಾಂಶವೂ ರಕ್ತನಾಳಗಳೂ ಬೆಳೆದು, ಗರ್ಭಕೋಶ, ಗರ್ಭನಾಳ, ಕರುಳುಗಳು ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ವೈದ್ಯರು ಇದನ್ನು ಅಡ್ಹೀಷನ್ ಎನ್ನುತ್ತಾರೆ. ಹೊಟ್ಟೆನೋವು, ಗರ್ಭಧಾರಣೆಗೆ ತೊಡಕು, ಕೆಲವೊಮ್ಮೆ ಕರುಳಿನ ತಡೆ ಇದರಿಂದ ಬರಬಹುದು. ಎಲ್ಲವೂ ಆ ಮೊದಲ ವಾರದಲ್ಲೇ ನಿರ್ಧಾರವಾಗುವುದರಿಂದ ತಡೆಯುವ ಸಿದ್ಧತೆ ಶಸ್ತ್ರಚಿಕಿತ್ಸೆಗೆ ಮೊದಲೇ ಆಗಬೇಕು.

ಮೊದಲು, ಹಿಂದೆ ಆಗಿರುವ ಸಿಸೇರಿಯನ್, ಹೊಟ್ಟೆಯ ಶಸ್ತ್ರಚಿಕಿತ್ಸೆ, ಕಿಬ್ಬೊಟ್ಟೆಯ ಸೋಂಕುಗಳನ್ನು ಮರೆಯದೆ ವೈದ್ಯರಿಗೆ ತಿಳಿಸಿ. ಮುಂದೆ ಮಕ್ಕಳು ಬೇಕೆಂಬ ಆಸೆಯಿದ್ದರೆ ಅದನ್ನೂ ಸ್ಪಷ್ಟವಾಗಿ ಹೇಳಿ. ಅಂಟಿಕೊಳ್ಳುವುದನ್ನು ತಡೆಯಲು ಏನು ಮಾಡುತ್ತೀರಿ ಎಂದು ಕೇಳುವುದಕ್ಕೆ ಸಂಕೋಚ ಬೇಡ; ಅದು ರೋಗಿಯ ಹಕ್ಕು.

ಹೆಚ್ಚಿನ ಹೊಣೆ ಶಸ್ತ್ರವೈದ್ಯರ ಕೈಯಲ್ಲಿದೆ. ಅಂಗಾಂಶವನ್ನು ಮೃದುವಾಗಿ ಹಿಡಿಯುವುದು, ರಕ್ತಸ್ರಾವವನ್ನು ಪೂರ್ತಿ ನಿಲ್ಲಿಸುವುದು, ವಿದ್ಯುತ್ತಿನಿಂದ ಸುಡುವುದನ್ನು ಅಗತ್ಯವಿದ್ದಷ್ಟಕ್ಕೇ ಮಿತಿಗೊಳಿಸುವುದು, ಒಳಭಾಗ ಒಣಗದಂತೆ ತೇವವಾಗಿಡುವುದು, ಕೊನೆಯಲ್ಲಿ ರಕ್ತದ ಹೆಪ್ಪುಗಳನ್ನು ತೊಳೆದು ತೆಗೆಯುವುದು: ಯಾವ ಔಷಧಿಗಿಂತಲೂ ಮುಖ್ಯವಾದುದು ಈ ಶಿಸ್ತು.

ಇದರ ಮೇಲೆ, ಗಾಯಗೊಂಡ ಭಾಗಗಳು ಪರಸ್ಪರ ತಾಗದಂತೆ ತಡೆಪದರಗಳನ್ನು ಬಳಸಬಹುದು. ಆಕ್ಸಿಡೀಕೃತ ಸೆಲ್ಯುಲೋಸ್ ಹಾಳೆ, ಹಯಲುರಾನಿಕ್ ಆಮ್ಲದ ಜೆಲ್, ಶೇ 4ರ ಐಕೋಡೆಕ್ಸ್ಟ್ರಿನ್ ದ್ರಾವಣ ಇವುಗಳಲ್ಲಿ ಕೆಲವು. ಸೆಲ್ಯುಲೋಸ್ ಹಾಳೆಯಡಿ ರಕ್ತ ಜಿನುಗುತ್ತಿದ್ದರೆ ಅದರಿಂದ ಪ್ರಯೋಜನವಿಲ್ಲ. ಇವು ಅಂಟಿಕೊಳ್ಳುವ ಸಾಧ್ಯತೆಯನ್ನು ತಗ್ಗಿಸಬಲ್ಲವೇ ಹೊರತು ಪೂರ್ತಿ ಇಲ್ಲವಾಗಿಸಲಾರವು. ಹಿಸ್ಟೆರೋಸ್ಕೋಪಿಯಾದರೆ (ಯೋನಿಮಾರ್ಗವಾಗಿ ಗರ್ಭಕೋಶದೊಳಗೆ ಕ್ಯಾಮೆರಾ ತೂರಿಸಿ ಮಾಡುವ ಚಿಕಿತ್ಸೆ) ಗರ್ಭಕೋಶದೊಳಗಿನ ಗೋಡೆಗಳೇ ಅಂಟಿಕೊಳ್ಳುವ ಭಯವಿರುವುದರಿಂದ, ಜೆಲ್ ಅಥವಾ ಪುಟ್ಟ ಬಲೂನು ಇರಿಸಿ, ಅಗತ್ಯವೆನಿಸಿದರೆ ಕೆಲವು ವಾರಗಳ ಬಳಿಕ ಮತ್ತೊಮ್ಮೆ ಒಳಗೆ ನೋಡುತ್ತಾರೆ.

ಮನೆಗೆ ಬರುವಾಗ ಶಸ್ತ್ರಚಿಕಿತ್ಸೆಯ ಟಿಪ್ಪಣಿಯ ಪ್ರತಿಯನ್ನು ಪಡೆದು ಜೋಪಾನವಾಗಿಡಿ. ಮುಂದೆ ಯಾರೇ ಹೊಟ್ಟೆ ತೆರೆಯಬೇಕಾದರೂ ಅದು ದಾರಿ ತೋರಿಸುತ್ತದೆ. ಜ್ವರ, ಹೆಚ್ಚುತ್ತಿರುವ ನೋವು ಕಂಡರೆ ವೈದ್ಯರಿಗೆ ತಿಳಿಸಿ. ತಿಂಗಳುಗಳು, ವರ್ಷಗಳು ಕಳೆದ ಮೇಲಾದರೂ ಹೊಟ್ಟೆ ಉಬ್ಬಿ, ಹಿಂಡಿದಂತೆ ನೋವಾಗಿ, ವಾಂತಿಯಾಗುತ್ತ ಗಾಳಿಯೂ ಮಲವೂ ಹೋಗದಿದ್ದರೆ ಬೆಳಗಾಗಲಿ ಎಂದು ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ, ಹಿಂದಿನ ಶಸ್ತ್ರಚಿಕಿತ್ಸೆಯ ವಿಷಯವನ್ನು ಮೊದಲೇ ಹೇಳಿ.