ಹೊಸ ಕಾಫಿಪುಡಿ ಮಾರಾಟಕ್ಕೆ ಬಿಡುವ ಮುನ್ನ

ಮಡಿಕೇರಿಯಲ್ಲಿ ಹೊಸ ಕಾಫಿಪುಡಿ ಮಾರುವವರು ಮೊದಲು ಗಿರಾಕಿ ಯಾರೆಂದು ತೀರ್ಮಾನಿಸಿ: ದಿನಾ ಫಿಲ್ಟರ್ ಹಾಕುವ ಮನೆಯವರೋ, ಊರಿಗೆ ಒಯ್ಯುವ ಪ್ರವಾಸಿಗರೋ.

5 ಕಿಲೋ ಹುರಿಯಿರಿ, ಹೆಚ್ಚು ಬೇಡ. ಚಿಕೋರಿ ಇಲ್ಲದ್ದು, 20%, 40% ಹೀಗೆ 3 ಬಗೆ, 100 ಗ್ರಾಂ ಪೊಟ್ಟಣಗಳಲ್ಲಿ. ಬೀಜ, ಹುರಿದ ಹದ, ಪುಡಿಯ ನಯ ಒಂದೇ ಇರಲಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ರುಚಿಸಿತೆಂದು ತಿಳಿಯದು. (ಮಿಶ್ರಣದಲ್ಲಿ ಕಾಫಿ ಕನಿಷ್ಠ 51% ಇರಲೇಬೇಕು, ಪ್ರಮಾಣ ಲೇಬಲ್ ಮೇಲೆ ಬರಬೇಕು. ಕಾನೂನು.)

‘ಹೇಗಿದೆ?’ ಎಂದು ಕೇಳಬೇಡಿ. ಎದುರಿಗೆ ಎಲ್ಲರೂ ‘ಚೆನ್ನಾಗಿದೆ’ ಎನ್ನುವವರೇ. ದುಡ್ಡು ಕೊಟ್ಟು ಎರಡನೇ ಸಲ ಯಾರು ಒಯ್ದರೆಂದು 3 ವಾರ ಬರೆದಿಡಿ.

ಮಳೆಗಾಲದಲ್ಲಿ ಚಿಕೋರಿ ಬೆರೆತ ಪುಡಿ ಬೇಗ ತೇವ ಎಳೆದು ಗಂಟು ಕಟ್ಟುತ್ತದೆ. ರುಚಿ ಕೆಟ್ಟಿದೆ ಎಂಬ ದೂರು ಬಂದರೆ ಮೊದಲು ಪೊಟ್ಟಣದ ಸೀಲ್ ನೋಡಿ, ಮಿಶ್ರಣ ಬದಲಿಸುವುದು ಆಮೇಲೆ.