ಸ್ಟಾರ್ ಸ್ಕ್ರೂವಿನ ಅಳತೆ ಹುಡುಕಿದ ಬಗೆ

ಪುಣೆಯ ಭೋಸರಿಯಲ್ಲಿ ನಾನು ನೋಡಿಕೊಳ್ಳುವ ಸಣ್ಣ ವರ್ಕ್‌ಶಾಪಿನಲ್ಲಿ ಜಪಾನಿನ ಹಳೆಯ ಯಂತ್ರಗಳ ಕಂಟ್ರೋಲ್ ಪೆಟ್ಟಿಗೆಗಳನ್ನು ದುರಸ್ತಿ ಮಾಡುತ್ತೇವೆ. ಒಮ್ಮೆ ಕಳೆದುಹೋಗಿದ್ದ ಎಂ3 (3 ಮಿ.ಮೀ. ಥ್ರೆಡ್ಡಿನ) ಸ್ಟಾರ್ ಸ್ಕ್ರೂಗಳ, ಅಂದರೆ ತಲೆಯಲ್ಲಿ ಕ್ರಾಸ್ ಆಕಾರದ ತಗ್ಗಿರುವ ಸ್ಕ್ರೂಗಳ ಬದಲಿಗೆ ಹೊಸ ಎಂ3 ಪ್ಯಾನ್ ಹೆಡ್ (ಅಂಚು ದುಂಡಾದ ಚಪ್ಪಟೆ ತಲೆಯ) ಸ್ಕ್ರೂಗಳನ್ನು ತರಿಸಿದೆವು. ಉದ್ದವೂ ಥ್ರೆಡ್ಡೂ ಸರಿಯಾಗಿಯೇ ಇದ್ದವು. ಆದರೆ ಎಂದಿನ 2ನೇ ನಂಬರಿನ (ನಂಬರ್ ಹೆಚ್ಚಿದಷ್ಟೂ ತುದಿ ದಪ್ಪ) ಸ್ಕ್ರೂಡ್ರೈವರ್ ತಲೆಯ ತಗ್ಗಿನಲ್ಲಿ ಪೂರ್ತಿ ಇಳಿಯದೆ ಜಾರತೊಡಗಿತು. ಡ್ರೈವರಿನ ತುದಿ, ಅಂದರೆ ಬಿಟ್, ಸವೆದಿರಬೇಕೆಂದು ಹೊಸದನ್ನು ಕೊಡಿಸಿದೆ. “ಬಿಟ್ ಛಲೋ ಅದರಿ ಸರ್, ಸ್ಕ್ರೂನ ಬ್ಯಾರೆ ಅದಾವ್ರಿ” ಎಂದು ವಿಜಯಪುರದ ಕಡೆಯ ನಮ್ಮ ಫಿಟ್ಟರ್ ಹಳೆಯದನ್ನೂ ಹೊಸದನ್ನೂ ಅಂಗೈಯಲ್ಲಿಟ್ಟು ತೋರಿಸಿದರು. ಅವರ ಕಣ್ಣು ಅಳತೆ ತೆಗೆಯುವ ನನ್ನ ವರ್ನಿಯರ್‌ಗಿಂತ ಚುರುಕಾಗಿತ್ತು.

ತಗ್ಗಿನ ಗೋಡೆಗಳು ಇಳಿಯುತ್ತ ಕಿರಿದಾಗುವುದರಿಂದ ವರ್ನಿಯರ್ ಪ್ರತಿ ಸಲವೂ ಬೇರೆ ಅಂಕಿ ಕೊಡುತ್ತಿತ್ತು. ಕೊನೆಗೆ ಮಾನಕಗಳನ್ನೇ ಹಿಡಿದು ಕುಳಿತೆ. ಎಲ್ಲ ಅಳತೆಗಳೂ ಒಂದೇ ಕಡೆ ಸಿಗುತ್ತವೆಂದು ತಿಳಿದಿದ್ದು ನನ್ನ ತಪ್ಪು: ಪ್ಯಾನ್ ಹೆಡ್ಡಿನ ಅಳತೆ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 7045ರಲ್ಲಿ, ತಗ್ಗಿನ ಆಕಾರ ಐಎಸ್‌ಒ 4757ರಲ್ಲಿ, ಡ್ರೈವರಿನ ತುದಿ ಐಎಸ್‌ಒ 8764ರಲ್ಲಿ ಇವೆ. 7045ರ ಪ್ರಕಾರ ಎಂ3 ಸ್ಕ್ರೂವಿನ ತಲೆಯ ವ್ಯಾಸ ಹೆಚ್ಚೆಂದರೆ 5.6 ಮಿ.ಮೀ., ತಗ್ಗು 1ನೇ ನಂಬರಿನದು. ಸಾಮಾನ್ಯ ಕ್ರಾಸಿನ ಫಿಲಿಪ್ಸ್ ಬಗೆಯಾದರೆ, ಆಳ ಪರೀಕ್ಷಿಸುವ ಗೇಜ್ ಅದರೊಳಗೆ 1.4ರಿಂದ 1.8 ಮಿ.ಮೀ.ವರೆಗೆ ಇಳಿಯಬೇಕು. ತಗ್ಗಿನ ಅಗಲವನ್ನು ಅಲ್ಲಿ ಕೇವಲ ಸೂಚಕವಾಗಿ ಕೊಟ್ಟು, ಪರೀಕ್ಷೆಯನ್ನು ಗೇಜಿನ ಇಳಿತಕ್ಕೆ ಬಿಟ್ಟಿರುವುದು ಏಕೆಂದು ಆಗಲೇ ನನಗೆ ಅರ್ಥವಾದದ್ದು.

ಜಪಾನಿನ ಮಾನಕ ಜೆಐಎಸ್ ಬಿ 1111ರ ಅನುಬಂಧದಲ್ಲಿ ಅದೇ ಎಂ3ಗೆ 2ನೇ ನಂಬರಿನ ತಗ್ಗು ಇದೆ; ನಮ್ಮ ಹಳೆಯ ಸ್ಕ್ರೂಗಳು ಅಂಥವು. ಎಂ4, ಎಂ5 ಎರಡು ಕಡೆಯೂ 2, ಎಂ6 ಎರಡು ಕಡೆಯೂ 3 ಆಗಿರುವುದರಿಂದ ಈ ಭೇದ ಅಲ್ಲಿಯವರೆಗೆ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ.

ಈಗ ಮೇಜಿನ ಮೇಲೆ 1 ಮತ್ತು 2ನೇ ನಂಬರಿನ ಡ್ರೈವರ್‌ಗಳನ್ನು ಬೇರೆ ಬೇರೆ ಬಣ್ಣದ ಹಿಡಿಯಿಂದ ಗುರುತಿಸಿದ್ದೇವೆ. ಪೋಜಿಡ್ರೈವ್ ಎಂಬ ಇನ್ನೊಂದು ಬಗೆಯ ಕ್ರಾಸ್ ತಗ್ಗಿನ ಸ್ಕ್ರೂವಿನ ತಲೆಯ ಮೇಲೆ ಕ್ರಾಸಿನ ನಡುನಡುವೆ ಸಣ್ಣ ಗೆರೆಗಳಿರುತ್ತವೆ. ಅದಕ್ಕೆ ಫಿಲಿಪ್ಸ್ ಡ್ರೈವರ್ ಹಾಕಲು ನಾನು ಯಾರಿಗೂ ಬಿಡುವುದಿಲ್ಲ. ಅಂಗಡಿಗೆ ಕಳಿಸುವ ಚೀಟಿಯಲ್ಲಿ ‘ಎಂ3 ಸ್ಟಾರ್’ ಎಂದು ಬರೆಯುವುದನ್ನು ನಿಲ್ಲಿಸಿ, ‘ಐಎಸ್‌ಒ 7045 – ಎಂ3 × 8 – 4.8 – ಎಚ್’ ಎಂದು ಪೂರ್ತಿಯಾಗಿ (8 ಎಂದರೆ ಮಿ.ಮೀ.ಗಳಲ್ಲಿ ಉದ್ದ, 4.8 ಬಲದ ದರ್ಜೆ, ಎಚ್ ಫಿಲಿಪ್ಸ್ ತಗ್ಗು) ಬರೆಯುತ್ತೇನೆ; ಜಪಾನಿನ ಪೆಟ್ಟಿಗೆಗಾದರೆ ಜೆಐಎಸ್ ಎಂದು ಬೇರೆಯಾಗಿಯೇ ನಮೂದಿಸುತ್ತೇನೆ.