ಚಂದ್ರಕಾಳಿ ಸೀರೆಗೆ ಕಡಲಕಳೆಯ ಅಂಟು

"ಗಂಜಿ ಹಾಕಿಬಿಡವಾ, ಸೆಟಗೊಂಡು ನಿಲ್ಲತೈತಿ" ಅಂದರು ಅತ್ತೆ. ಅವರ ಅವ್ವನ ಮದುವೆಯ ಚಂದ್ರಕಾಳಿ, ಅಂದರೆ ಕಸೂತಿ ಹಾಕಿದ ಕಪ್ಪು ರೇಷ್ಮೆ ಸೀರೆ, ನನ್ನ ಮೇಜಿನ ಮೇಲಿತ್ತು. ಮುಟ್ಟಿದರೆ ಕಪ್ಪು ಪುಡಿ ಉದುರುತ್ತಿತ್ತು.

ಸೆರಗಿನ ಮೇಲಿನ ಕಸೂತಿಯ ತೇರನ್ನು ಭೂತಗನ್ನಡಿಯಲ್ಲಿ ನೋಡಿದೆ. ಗವಂತಿ, ಮುರಗಿ ಎಂಬ ಕಸೂತಿ ಹೊಲಿಗೆಗಳ ಎಳೆಗಳು ಗಟ್ಟಿಯಾಗೇ ಇದ್ದವು. ಪಕ್ಕದಲ್ಲೇ ಸೀರೆಯ ಕಪ್ಪು ರೇಷ್ಮೆ ಸೀಳಿತ್ತು. ಕಸೂತಿಯೇ ಬಟ್ಟೆಯನ್ನು ಹಿಡಿದುಕೊಂಡಂತಿತ್ತು. ಹಳೆಯ ಕಪ್ಪು ಬಣ್ಣಗಳಲ್ಲಿ ಕಬ್ಬಿಣದ ಅಂಶವಿದ್ದರೆ ಅದು ವರ್ಷಗಟ್ಟಲೆ ಒಳಗೊಳಗೇ ರೇಷ್ಮೆಯನ್ನು ತಿನ್ನುತ್ತದೆ. ಇಲ್ಲೂ ಅದೇ ಆಗಿರಬೇಕೆಂದು ನನ್ನ ಅನುಮಾನ.

ಅತ್ತೆಯ ಮಾತು ಪೂರ್ತಿ ತಪ್ಪೇನಲ್ಲ. ಜವಳಿ ಸಂರಕ್ಷಕರೂ ಗೋಧಿ ಪಿಷ್ಟ ಬಳಸುತ್ತಾರೆ, ಗ್ಲುಟೆನ್ ತೆಗೆದದ್ದು, ಮೈದಾ ನಡೆಯದು. ಹಳೆ ರೇಷ್ಮೆ ಕುಪ್ಪಸದ ತುಂಡೊಂದಕ್ಕೆ ಮೊದಲು ಆ ಪಿಷ್ಟವನ್ನೇ ಹಚ್ಚಿದೆ. ದಪ್ಪವಾಗಿಬಿಟ್ಟಿತು. ಒಣಗಿ ಹಪ್ಪಳದಂತೆ ಸೆಟೆದು, ಬಗ್ಗಿಸಿದರೆ ತೇಪೆಯ ಅಂಚಿಗೇ ಹೊಸ ಸೀಳು. ಅಂಟು ರೇಷ್ಮೆಗಿಂತ ಬಲವಾದರೆ ಹರಿಯುವುದು ರೇಷ್ಮೆಯೇ. ಟ್ರಂಕಿನ ಬೆಳ್ಳಿಹುಳಕ್ಕಂತೂ ಗಂಜಿ ಎಂದರೆ ಹಬ್ಬ.

ಕೊನೆಗೆ ಫುನೋರಿ ಹಿಡಿದೆ, ಅಂಟು ಕೊಡುವ ಜಪಾನಿನ ಕೆಂಪು ಕಡಲಕಳೆ. 1 ಗ್ರಾಂ ಕಳೆಯನ್ನು 100 ಮಿಲಿ ನೀರಲ್ಲಿ ರಾತ್ರಿಯಿಡೀ ನೆನೆಸಿ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಕುದಿಯದಂತೆ ಕಾಯಿಸಿ, ಮಲ್ ಬಟ್ಟೆಯಲ್ಲಿ ಸೋಸಿದೆ. ಬರೀ ಇದರ ಹಿಡಿತ ಕಡಿಮೆ. ಅದಕ್ಕೇ ನೀರಾದ ಪಿಷ್ಟ ಒಂದಿಷ್ಟು ಬೆರೆಸಿದೆ. ಒಣಗಿದ ಮೇಲೆ ಹೊಳಪಿಲ್ಲ, ಬಿಗಿತವಿಲ್ಲ. ಬೇಡವಾದರೆ ತೇವ ಕೊಟ್ಟು ಬಿಡಿಸಬಹುದು.

ತೊಂದರೆಯಿದ್ದದ್ದು ಆ ತೇವದಲ್ಲೇ. ಒದ್ದೆ ಹತ್ತಿ ಒತ್ತಿದರೆ ಕಸೂತಿಯ ಕೆಂಪು ಎಳೆ ಬಣ್ಣ ಬಿಟ್ಟಿತು. ಹಾಗಾಗಿ ಸೀರೆಗೆ ಅಂಟು ಹಚ್ಚಲೇ ಇಲ್ಲ. ಊದಿದರೆ ಹಾರುವಂಥ, ಆಚೆ ಕಾಣುವಷ್ಟು ತೆಳುವಾದ ಕ್ರೆಪ್‌ಲೀನ್ ರೇಷ್ಮೆಗೆ ಹಚ್ಚಿ ಒಣಗಿಸಿ, ಅದನ್ನು ಸೆರಗಿನಡಿ ಇಟ್ಟೆ. ಚಿಮಟದಿಂದ ಸೀಳಿನ ಅಂಚುಗಳನ್ನು ಕೂಡಿಸಿ, ಒದ್ದೆ ಬ್ಲಾಟಿಂಗ್ ಪೇಪರಿನಿಂದ ನೀರು ಬಿಡದೆ ಆವಿಯನ್ನಷ್ಟೇ ಬಿಡುವ ಗೋರ್‌ಟೆಕ್ಸ್ ಬಟ್ಟೆಯ ಮೂಲಕ ಆವಿಯಷ್ಟೇ ತಾಗಿಸಿ, ಗಾಜಿನ ತುಂಡುಗಳನ್ನು ಹೇರಿದೆ. ಕೆಂಪು ಎಳೆ ಇದ್ದಲ್ಲಿ ಅದೂ ಬೇಡವೆಂದು ಕೂದಲಿನಷ್ಟು ಸಣ್ಣ ರೇಷ್ಮೆ ದಾರದಿಂದ ಹೊಲಿದೆ. ಗೇಣು ಸೆರಗಿಗೆ ನಾಲ್ಕು ದಿನ ಹಿಡಿಯಿತು.

ಒಂದು ಅಳುಕು ಮಾತ್ರ ಉಳಿದಿತ್ತು. ಗಂಟಿಲ್ಲದೆ, ಹಿಂದೆಮುಂದೆ ಒಂದೇ ಥರ ಕಾಣುವುದು ಗವಂತಿಯ ಹೆಮ್ಮೆ. ಹಿಂಬದಿಗೆ ಬಟ್ಟೆ ಬಂದರೆ ಅದೇ ಮುಚ್ಚಿಹೋಗುತ್ತದೆ. ಬಿಳಿ ಕ್ರೆಪ್‌ಲೀನ್ ಕಪ್ಪಿನ ಮೇಲೆ ಮಂಜಿನಂತೆ ಕಾಣುತ್ತದೆಂದು ಮೊದಲೇ ಅದಕ್ಕೂ ಕಪ್ಪು ಹಾಕಿದ್ದೆ. ಅತ್ತೆಯ ಎದುರು ಹಲಗೆ ಸಮೇತ ಸೆರಗನ್ನು ಮಗುಚಿದೆ. ಅವರು ಬಾಗಿ ಬಹಳ ಹೊತ್ತು ನೋಡಿದರು.

"ನಮ್ಮವ್ವ ಒಂದೂ ಗಂಟು ಹಾಕಿಲ್ಲ ನೋಡು" ಅಂದರು.